ಅಂಬಾಸಿಡರ್ ಮತ್ತು ಫಿಯೆಟ್: ಎರಡು ಹಳೇ ಕಾರುಗಳನ್ನು ಸರಿಯಾಗಿ ಹೋಲಿಸುವುದು ಹೇಗೆ?

ನಮ್ಮ ಮನೆಯಲ್ಲಿ ಫಿಯೆಟ್ ಇತ್ತು. ದೊಡ್ಡಪ್ಪನ ಮನೆಯಲ್ಲಿ ಅಂಬಾಸಿಡರ್. ಹಬ್ಬಕ್ಕೆ ಎಲ್ಲರೂ ಸೇರಿದರೆ ಊಟ ಆದ ಮೇಲೆ ಜಗಲಿಯಲ್ಲಿ ಒಂದೇ ಮಾತು, ಯಾವ ಗಾಡಿ ಮೇಲು ಅಂತ. "ನನ್ನ ಗಾಡೀಲಿ ಎಂಟು ಜನ ಕೂತು ಆಗುಂಬೆ ಹತ್ತಿದ್ದೀವಿ ಕಣೋ" ಅನ್ನುತ್ತಿದ್ದರು ದೊಡ್ಡಪ್ಪ. "ಅಣ್ಣಾ, ಪೆಟ್ರೋಲ್ ಲೆಕ್ಕ ತೆಗೀಲಾ?" ಅನ್ನುತ್ತಿದ್ದರು ಅಪ್ಪ. ಎಷ್ಟೋ ವರ್ಷ ನಡೆದರೂ ಆ ವಾದ ಮುಗಿಯಲಿಲ್ಲ. ಇಬ್ಬರ ಮಾತೂ ನಿಜ. ಆದರೆ ಇಬ್ಬರೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತಿದ್ದರು. ಒಬ್ಬರು ಹೊರೆ ಎಳೆಯುವುದರ ಬಗ್ಗೆ, ಇನ್ನೊಬ್ಬರು ಖರ್ಚಿನ ಬಗ್ಗೆ.

ಎರಡು ಹಳೇ ಕಾರುಗಳನ್ನು ಹೋಲಿಸುವಾಗ ಜಾಸ್ತಿ ಆಗುವ ತಪ್ಪು ಇದೇ. ಎರಡು ಸಂಖ್ಯೆ ಪಕ್ಕಪಕ್ಕ ಇಟ್ಟು, ಯಾವುದು ದೊಡ್ಡದೋ ಅದೇ ಗೆದ್ದಿತು ಅಂದುಬಿಡುತ್ತೇವೆ. ಆ ಸಂಖ್ಯೆ ಯಾವ ವರ್ಷದ ಮಾಡೆಲ್‌ದು, ಹೇಗೆ ಅಳೆದದ್ದು, ಎಷ್ಟು ಜನ ಕೂತಿದ್ದಾಗಿನದು ಅಂತ ಕೇಳುವುದೇ ಇಲ್ಲ. ಈ ಬರಹದಲ್ಲಿ ಅಂಬಾಸಿಡರ್ ಮತ್ತು ಪ್ರೀಮಿಯರ್ ಪದ್ಮಿನಿಯನ್ನೇ (ನಮ್ಮವರು ಫಿಯೆಟ್ ಅನ್ನುವುದು ಇದನ್ನೇ) ಉದಾಹರಣೆಗೆ ಇಟ್ಟುಕೊಂಡು ಇಡೀ ಕೆಲಸವನ್ನು ಹೆಜ್ಜೆ ಹೆಜ್ಜೆಯಾಗಿ ಹೇಳುತ್ತೇನೆ. ನಿಮ್ಮ ಬಳಿ ಸ್ಟ್ಯಾಂಡರ್ಡ್ ಹೆರಾಲ್ಡ್ ಇದ್ದರೂ, ಬೇರೆ ಯಾವ ಹಳೇ ಗಾಡಿ ಇದ್ದರೂ ಕ್ರಮ ಇದೇ.

ಬೇಕಾದ ಸಾಮಾನು ಜಾಸ್ತಿ ಏನಿಲ್ಲ. ಒಂದು ಟೇಪು, ಸೀಮೆಸುಣ್ಣ, ಒಳ್ಳೇ ಜಾಕಿ ಮತ್ತು ಸ್ಟ್ಯಾಂಡ್, ಫೀಲರ್ ಗೇಜ್ (ಸಣ್ಣ ಸಂದು ಅಳೆಯುವ ತಗಡು), ಕಂಪ್ರೆಷನ್ ಗೇಜ್ (ಸಿಲಿಂಡರ್ ಒಳಗಿನ ಒತ್ತಡ ಅಳೆಯುವ ಮೀಟರು), ಜಿಪಿಎಸ್ ವೇಗ ತೋರಿಸುವ ಫೋನು, ಒಂದು ನೋಟ್‌ಬುಕ್ಕು. ಜೊತೆಗೆ ಒಬ್ಬ ಗೆಳೆಯ.

ಹೆಜ್ಜೆ 1: ಮೊದಲು ಯಾವ ಗಾಡಿ ಅಂತ ಗಟ್ಟಿ ಮಾಡಿಕೊಳ್ಳಿ

"ಅಂಬಾಸಿಡರ್" ಅನ್ನುವುದು ಒಂದು ಕಾರಲ್ಲ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿಯ ಕಾರನ್ನು ಆಧರಿಸಿ ಹಿಂದೂಸ್ತಾನ್ ಮೋಟಾರ್ಸ್ ಇದನ್ನು ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಿಸಿತು. ಶುರುವಾದದ್ದು 1957-58ರ ಹೊತ್ತಿಗೆ, ನಿಂತದ್ದು 2014ರ ಮೇ ತಿಂಗಳಲ್ಲಿ. ಅರ್ಧ ಶತಮಾನಕ್ಕೂ ಜಾಸ್ತಿ. ಮೊದಮೊದಲ ಗಾಡಿಗಳಲ್ಲಿ ಇದ್ದದ್ದು 1476 ಸಿಸಿಯ ಸೈಡ್ ವಾಲ್ವ್ (ವಾಲ್ವ್‌ಗಳು ಸಿಲಿಂಡರಿನ ಪಕ್ಕದಲ್ಲಿರುವ) ಎಂಜಿನ್. ಸ್ವಲ್ಪ ದಿನಕ್ಕೇ 1489 ಸಿಸಿಯ ಓವರ್‌ಹೆಡ್ ವಾಲ್ವ್ (ವಾಲ್ವ್‌ಗಳು ಸಿಲಿಂಡರಿನ ಮೇಲಿರುವ) ಎಂಜಿನ್ ಬಂತು. ಆಮೇಲೆ ಮಾರ್ಕ್ 2, 1975ರಲ್ಲಿ ಮಾರ್ಕ್ 3, 1979ರಲ್ಲಿ ಮಾರ್ಕ್ 4. ನಡುವೆ ಡೀಸೆಲ್ ಸೇರಿಕೊಂಡಿತು. 1990ರಲ್ಲಿ ನೋವಾ ಬಂತು. ತೊಂಬತ್ತರ ದಶಕದ ಮೊದಲಲ್ಲಿ 1800 ಐಎಸ್‌ಝಡ್ ಬಂತು. ಅದರಲ್ಲಿ 1817 ಸಿಸಿಯ ಇಸುಜು ಎಂಜಿನ್, ಸುಮಾರು 75 ಕುದುರೆಶಕ್ತಿ, ನೆಲದ ಮೇಲೆ ಐದು ಗೇರು. ಮಾರ್ಕ್ 2ಕ್ಕೂ ಇದಕ್ಕೂ ಹೊರಗಿನ ಆಕಾರ ಬಿಟ್ಟರೆ ಹೋಲಿಕೆ ತುಂಬಾ ಕಡಿಮೆ.

ಫಿಯೆಟ್ ಕಥೆಯೂ ಹಾಗೇ. ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ತಯಾರಿಸಿದ ಫಿಯೆಟ್ 1100 ಕಾರು ಮೊದಲು ಎಲಿಗೆಂಟ್, ಸೆಲೆಕ್ಟ್, ಸೂಪರ್ ಸೆಲೆಕ್ಟ್, ಡಿಲೈಟ್ ಅನ್ನುವ ಹೆಸರುಗಳಲ್ಲಿ ಬಂತು. ಎಪ್ಪತ್ತರ ದಶಕದ ಮೊದಲಲ್ಲಿ ಪ್ರೀಮಿಯರ್ ಪ್ರೆಸಿಡೆಂಟ್ ಆಯಿತು, 1974ರಲ್ಲಿ ಪದ್ಮಿನಿ ಆಯಿತು. ಹೆಸರು ಬದಲಾದರೂ ನಮ್ಮವರ ಬಾಯಲ್ಲಿ ಅದು ಕೊನೇವರೆಗೂ ಫಿಯೆಟ್ಟೇ. ಹಾಗಾಗಿ ಮಾರುವವರು "ಫಿಯೆಟ್" ಅಂದರೆ 1962ರದ್ದೂ ಆಗಬಹುದು, 1995ರದ್ದೂ ಆಗಬಹುದು. ಹಳೇ ಎಲಿಗೆಂಟ್, ಸೆಲೆಕ್ಟ್ ಗಾಡಿಗಳ ಮುಂದಿನ ಬಾಗಿಲಿಗೆ ಕೀಲು ಹಿಂದುಗಡೆ ಇದ್ದು ಅವು ಹಿಂದಕ್ಕೆ ತೆರೆಯುತ್ತವೆ ಅಲ್ವಾ, ಅದೊಂದು ಸುಲಭದ ಗುರುತು.

ಆರ್.ಸಿ. ಪುಸ್ತಕ ಕೈಯಲ್ಲಿ ಹಿಡಿದು ಚಾಸಿ ನಂಬರ್, ಎಂಜಿನ್ ನಂಬರ್ ಎರಡನ್ನೂ ನೀವೇ ಓದಿ ನೋಡಿ. ಎಣ್ಣೆ ಜಿಡ್ಡು ಮೆತ್ತಿದ್ದರೆ ಬಟ್ಟೆಗೆ ಸೀಮೆಎಣ್ಣೆ ಹಚ್ಚಿ ಒರೆಸಿ. ಒಮ್ಮೆ ನಾನು 60ರ ದಶಕದ ಗಾಡಿ ಅಂತ ಹೇಳಿದ್ದನ್ನು ನಂಬಿ ಇಡೀ ದಿನ ಅಳತೆ ಮಾಡಿದೆ. ಸಂಜೆ ನೋಡಿದರೆ ಒಳಗಿದ್ದದ್ದು ಎಷ್ಟೋ ವರ್ಷ ಆಮೇಲಿನ ಬೇರೆ ಎಂಜಿನ್. ಬರೆದದ್ದನ್ನೆಲ್ಲ ಹೊಡೆದುಹಾಕಬೇಕಾಯಿತು. ನಮ್ಮಲ್ಲಿ ಅಂಬಾಸಿಡರ್‌ಗೆ ಡೀಸೆಲ್ ಎಂಜಿನ್ ಕೂರಿಸುವುದು ತೀರಾ ಸಾಮಾನ್ಯ. ಪುಸ್ತಕದಲ್ಲಿ ಇಂಧನ ಬದಲಾವಣೆ ನಮೂದಾಗಿದೆಯಾ ಅಂತಲೂ ನೋಡಿ. ಎಂವೈ, ಎಂಇ ಅಕ್ಷರಗಳಿಂದ ಶುರುವಾಗುವ ಹಳೇ ಮೈಸೂರು ಕಾಲದ ನಂಬರ್ ಪ್ಲೇಟು ಇದ್ದರೆ ಖುಷಿಯೇ. ಆದರೆ ಪ್ಲೇಟು ಹಳೇದು ಅಂದಮಾತ್ರಕ್ಕೆ ಒಳಗಿನದೂ ಹಳೇದು ಅಂತ ಅಲ್ಲ.

ಇಲ್ಲಿ ನಾನು ಹೋಲಿಸುವುದು 1489 ಸಿಸಿ ಪೆಟ್ರೋಲ್ ಅಂಬಾಸಿಡರ್ ಮತ್ತು 1089 ಸಿಸಿ ಪೆಟ್ರೋಲ್ ಪದ್ಮಿನಿ. ಎರಡಕ್ಕೂ ನಾಲ್ಕು ಗೇರು, ಸ್ಟೀರಿಂಗ್ ಪಕ್ಕದ ಹ್ಯಾಂಡ್ ಗೇರ್. 70-80ರ ದಶಕದಲ್ಲಿ ನಮ್ಮ ರಸ್ತೆ ತುಂಬಾ ಓಡಾಡಿದ ಜೋಡಿ.

ಹೆಜ್ಜೆ 2: ಕಾಗದದ ಲೆಕ್ಕ ಬರೆದುಕೊಳ್ಳಿ

ಕಂಪನಿಯ ಓನರ್ಸ್ ಮ್ಯಾನ್ಯುಯಲ್ ಅಥವಾ ವರ್ಕ್‌ಶಾಪ್ ಮ್ಯಾನ್ಯುಯಲ್ ಸಿಕ್ಕರೆ ಅದೇ ಮೊದಲ ಆಧಾರ. ನನ್ನ ನೋಟ್‌ಬುಕ್ಕಿನ ಪುಟ ಹೀಗಿದೆ. ಬೋರ್ ಅಂದರೆ ಸಿಲಿಂಡರಿನ ಅಡ್ಡಳತೆ, ಸ್ಟ್ರೋಕ್ ಅಂದರೆ ಪಿಸ್ಟನ್ ಒಂದು ಕಡೆಯಿಂದ ಇನ್ನೊಂದು ಕಡೆಗೆ ಓಡುವ ದೂರ. ಬಿಎಚ್‌ಪಿ ಅಂದರೆ ಕುದುರೆಶಕ್ತಿ, ಆರ್‌ಪಿಎಂ ಅಂದರೆ ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು, ಟಾರ್ಕ್ ಅಂದರೆ ಎಂಜಿನ್ನಿನ ತಿರುಚುವ ಬಲ, ಅಂದರೆ ಎಳೆತ. ವೀಲ್‌ಬೇಸ್ ಅಂದರೆ ಮುಂದಿನ, ಹಿಂದಿನ ಚಕ್ರಗಳ ನಡುವಿನ ದೂರ.

| ವಿವರ | ಅಂಬಾಸಿಡರ್ | ಪದ್ಮಿನಿ |
|---|---|---|
| ಎಂಜಿನ್ | 1489 ಸಿಸಿ, 4 ಸಿಲಿಂಡರ್ | 1089 ಸಿಸಿ, 4 ಸಿಲಿಂಡರ್ |
| ಬೋರ್ × ಸ್ಟ್ರೋಕ್ | 73.03 × 88.9 ಮಿ.ಮೀ. | 68 × 75 ಮಿ.ಮೀ. |
| ಶಕ್ತಿ (ಸುಮಾರು) | 50 ಬಿಎಚ್‌ಪಿ, 4200 ಆರ್‌ಪಿಎಂ | 40 ಬಿಎಚ್‌ಪಿ, 4800 ಆರ್‌ಪಿಎಂ |
| ಟಾರ್ಕ್ (ಸುಮಾರು) | 100 ನ್ಯೂಟನ್ ಮೀಟರ್ | 71 ನ್ಯೂಟನ್ ಮೀಟರ್ |
| ಖಾಲಿ ತೂಕ (ಸುಮಾರು) | 1100 ಕೆ.ಜಿ. | 895 ಕೆ.ಜಿ. |
| ಉದ್ದ (ಸುಮಾರು) | 4325 ಮಿ.ಮೀ. | 3930 ಮಿ.ಮೀ. |
| ಅಗಲ (ಸುಮಾರು) | 1660 ಮಿ.ಮೀ. | 1460 ಮಿ.ಮೀ. |
| ವೀಲ್‌ಬೇಸ್ (ಸುಮಾರು) | 2464 ಮಿ.ಮೀ. | 2340 ಮಿ.ಮೀ. |
| ಟೈರು | 5.90-15 | 5.20-14 |

ಈ ಪುಟ ಬರೆಯುವಾಗಲೇ ಎಡವುವುದು ಅಳತೆಯ ಮಾನದಲ್ಲಿ. ಹಳೇ ಬ್ರಿಟಿಷ್ ಪುಸ್ತಕದಲ್ಲಿ ಟಾರ್ಕ್ ಪೌಂಡ್ ಅಡಿಯಲ್ಲಿರುತ್ತದೆ, ಅದನ್ನು 1.356ರಿಂದ ಗುಣಿಸಿದರೆ ನ್ಯೂಟನ್ ಮೀಟರ್. ಇಟಲಿ ಕಡೆಯ ಪುಸ್ತಕದಲ್ಲಿ ಕೆ.ಜಿ. ಮೀಟರ್, ಅದನ್ನು 9.81ರಿಂದ ಗುಣಿಸಬೇಕು. ಪದ್ಮಿನಿಯ 7.25 ಕೆ.ಜಿ. ಮೀಟರ್ 71 ನ್ಯೂಟನ್ ಮೀಟರ್ ಆಗುವುದು ಹೀಗೆ. ಮೈಲೇಜಿನಲ್ಲಿ ಇನ್ನೂ ಹುಷಾರು ಬೇಕು. ಬ್ರಿಟಿಷ್ ಗ್ಯಾಲನ್ 4.546 ಲೀಟರ್, ಅಮೆರಿಕದ ಗ್ಯಾಲನ್ 3.785 ಲೀಟರ್. ಗ್ಯಾಲನ್‌ಗೆ 30 ಮೈಲಿ ಅಂದರೆ ಬ್ರಿಟಿಷ್ ಲೆಕ್ಕದಲ್ಲಿ ಲೀಟರ್‌ಗೆ 10.6 ಕಿ.ಮೀ., ಅಮೆರಿಕದ ಲೆಕ್ಕದಲ್ಲಿ 12.75 ಕಿ.ಮೀ.

ಎಲ್ಲಕ್ಕಿಂತ ದೊಡ್ಡ ಮೋಸ ಕುದುರೆಶಕ್ತಿಯದ್ದು. ಹಿಂದೆ ಅನೇಕ ಕಂಪನಿಗಳು ಎಂಜಿನ್ ಒಂದನ್ನೇ ಬೆಂಚಿನ ಮೇಲೆ ಇಟ್ಟು, ಫ್ಯಾನು, ಡೈನಮೋ, ಸೈಲೆನ್ಸರ್ ಏನೂ ಇಲ್ಲದೆ ಅಳೆಯುತ್ತಿದ್ದವು. ಇದು ಗ್ರಾಸ್ ಲೆಕ್ಕ. ಎಲ್ಲ ಜೋಡಿಸಿ ಅಳೆದರೆ ನೆಟ್ ಲೆಕ್ಕ. ಅಮೆರಿಕದಲ್ಲಿ 1972ರ ಹೊತ್ತಿಗೆ ಗ್ರಾಸ್ ಬಿಟ್ಟು ನೆಟ್‌ಗೆ ಬಂದಾಗ ಅದೇ ಎಂಜಿನ್ನಿನ ಸಂಖ್ಯೆ ಎದ್ದು ಕಾಣುವಷ್ಟು ಇಳಿಯಿತು. ಎಂಜಿನ್ ಬದಲಾಗಿರಲಿಲ್ಲ, ಅಳೆಯುವ ರೀತಿ ಬದಲಾಗಿತ್ತು. ಹಾಗಾಗಿ ಒಂದು ಕಾರಿಗೆ ಗ್ರಾಸ್, ಇನ್ನೊಂದಕ್ಕೆ ನೆಟ್ ಸಂಖ್ಯೆ ಇಟ್ಟುಕೊಂಡು ಹೋಲಿಸಬೇಡಿ. ಪುಸ್ತಕದಲ್ಲಿ ಸಂಖ್ಯೆಯ ಪಕ್ಕ ಎಸ್‌ಎಇ (ಅಮೆರಿಕದ ಅಳತೆ ಪದ್ಧತಿ) ಅಂತಿದೆಯಾ, ಡಿಐಎನ್ (ಜರ್ಮನಿಯದ್ದು) ಅಂತಿದೆಯಾ ನೋಡಿ. ಹಳೇ ಎಸ್‌ಎಇ ಸಾಮಾನ್ಯವಾಗಿ ಗ್ರಾಸ್, ಡಿಐಎನ್ ನೆಟ್. ಏನೂ ಬರೆದಿಲ್ಲ ಅಂದರೆ ಆ ಸಂಖ್ಯೆಯ ಮುಂದೆ "ಸುಮಾರು" ಅಂತ ಸೇರಿಸಿ. ನಾನು ಮೇಲೆ ಸೇರಿಸಿದ್ದು ಅದಕ್ಕೇ.

ಹೆಜ್ಜೆ 3: ಸಂಖ್ಯೆಗಳಿಂದ ಮಾತಾಡಿಸಿ

ಬೋರ್, ಸ್ಟ್ರೋಕ್ ಗೊತ್ತಿದ್ದರೆ ಸಿಸಿಯನ್ನು ನೀವೇ ಲೆಕ್ಕ ಹಾಕಿ ಪರೀಕ್ಷಿಸಬಹುದು. ಬೋರ್ ಅನ್ನು ಸೆಂಟಿಮೀಟರಿಗೆ ತಂದು, ಅದರ ವರ್ಗವನ್ನು 0.7854ರಿಂದ ಗುಣಿಸಿ, ಸ್ಟ್ರೋಕ್‌ನಿಂದ ಗುಣಿಸಿ, ಸಿಲಿಂಡರ್ ಸಂಖ್ಯೆಯಿಂದ ಗುಣಿಸಿ. ಪದ್ಮಿನಿಗೆ 6.8 × 6.8 × 0.7854 × 7.5 × 4 = 1089. ಸರಿಯಾಗಿ ಕೂತಿತು. ಕೂರದಿದ್ದರೆ ಎಲ್ಲೋ ಬೇರೆ ಮಾಡೆಲ್‌ನ ಸಂಖ್ಯೆ ಬೆರೆತಿದೆ ಅಂತ ಅರ್ಥ.

ಈಗ ನನಗೆ ತುಂಬಾ ಇಷ್ಟವಾದ ಲೆಕ್ಕ. ಅಂಬಾಸಿಡರ್ ಎಂಜಿನ್ 4200 ಸುತ್ತಿಗೇ ಸುಸ್ತಾಗುತ್ತದೆ, ಫಿಯೆಟ್ 4800ರವರೆಗೆ ಹೋಗುತ್ತದೆ, ಹಾಗಾಗಿ ಫಿಯೆಟ್ ಎಂಜಿನ್ನೇ ಚುರುಕು ಅಂತ ಹೇಳುವವರು ಇದ್ದಾರೆ. ಪಿಸ್ಟನ್ ಎಷ್ಟು ಜೋರಾಗಿ ಓಡುತ್ತಿದೆ ಅಂತ ನೋಡೋಣ. ಒಂದು ಸುತ್ತಿಗೆ ಪಿಸ್ಟನ್ ಎರಡು ಸಲ ಸ್ಟ್ರೋಕ್ ದೂರ ಹೋಗುತ್ತದೆ. ಫಿಯೆಟ್‌ಗೆ 2 × 0.075 × 4800 ÷ 60 = ಸೆಕೆಂಡಿಗೆ 12 ಮೀಟರ್. ಅಂಬಾಸಿಡರ್‌ಗೆ 2 × 0.0889 × 4200 ÷ 60 = ಸೆಕೆಂಡಿಗೆ 12.4 ಮೀಟರ್. ಹೆಚ್ಚುಕಮ್ಮಿ ಒಂದೇ! ಒಳಗೆ ಎರಡೂ ಎಂಜಿನ್ ಒಂದೇ ಥರ ಬೆವರು ಹರಿಸುತ್ತಿವೆ. ಅಂಬಾಸಿಡರ್‌ನ ಸ್ಟ್ರೋಕ್ ಉದ್ದ, ಅದಕ್ಕೆ ಸುತ್ತು ಕಡಿಮೆ. ಸೋಮಾರಿತನದ ಮಾತೇ ಅಲ್ಲ ಅದು.

ಇನ್ನು ತೂಕಕ್ಕೆ ಶಕ್ತಿ. ಒಂದು ಟನ್ ಗಾಡಿ ಎಳೆಯಲು ಎಷ್ಟು ಕುದುರೆ ಸಿಗುತ್ತದೆ? ಅಂಬಾಸಿಡರ್ 50 ÷ 1.1 = 45.5. ಪದ್ಮಿನಿ 40 ÷ 0.895 = 44.7. ಖಾಲಿ ಗಾಡಿಯಲ್ಲಿ ಇಬ್ಬರೂ ಸಮ ಸಮ. ಈಗ ತಲಾ 65 ಕೆ.ಜಿ.ಯ ಐದು ಜನರನ್ನು ಕೂರಿಸಿ. 325 ಕೆ.ಜಿ. ಸೇರಿತು. ಅಂಬಾಸಿಡರ್ 35.1, ಪದ್ಮಿನಿ 32.8. ಟಾರ್ಕ್ ನೋಡಿದರೆ ಅಂತರ ಇನ್ನೂ ಜಾಸ್ತಿ. ಟನ್ನಿಗೆ 70 ನ್ಯೂಟನ್ ಮೀಟರ್ ಒಂದು ಕಡೆ, 58 ಇನ್ನೊಂದು ಕಡೆ. ಹಗುರ ಗಾಡಿಗೆ ಹೊರೆ ಬಿದ್ದಾಗ ಪೆಟ್ಟು ಜಾಸ್ತಿ ಬೀಳುತ್ತದೆ. ಒಬ್ಬರೇ ಆಫೀಸಿಗೆ ಹೋಗುವ ಅಪ್ಪನಿಗೆ ಫಿಯೆಟ್ ಯಾವತ್ತೂ ನಿಧಾನ ಅನ್ನಿಸಲಿಲ್ಲ. ಮನೆಮಂದಿಯನ್ನೆಲ್ಲ ತುಂಬಿಕೊಂಡು ಘಟ್ಟ ಹತ್ತುವ ದೊಡ್ಡಪ್ಪನಿಗೆ ಅಂಬಾಸಿಡರ್ ಬಿಟ್ಟು ಬೇರೆ ಬೇಡವಾಗಿತ್ತು. ಕಾರಣ ಈ ನಾಲ್ಕು ಸಾಲಿನ ಲೆಕ್ಕದಲ್ಲೇ ಇದೆ.

ಅಳತೆಗಳಲ್ಲೂ ಹಾಗೇ ಒಳಹೊಕ್ಕು ನೋಡಿ. ಉದ್ದದಲ್ಲಿ 40 ಸೆಂ.ಮೀ. ವ್ಯತ್ಯಾಸ ಇದೆ. ಆದರೆ ವೀಲ್‌ಬೇಸ್‌ನಲ್ಲಿ ಬರೀ 12 ಸೆಂ.ಮೀ. ಕೂರುವ ಜಾಗಕ್ಕೆ ನಿಜವಾಗಿ ಲೆಕ್ಕಕ್ಕೆ ಬರುವುದು ಅಗಲದ 20 ಸೆಂ.ಮೀ. ಅಷ್ಟರಲ್ಲೇ ಹಿಂದಿನ ಸೀಟಿನ ಮೂರನೆಯವರು ಬೆನ್ನು ಒರಗಿಸಿ ಕೂರುತ್ತಾರೋ ಇಲ್ಲವೋ ಅನ್ನುವುದು ತೀರ್ಮಾನ ಆಗುತ್ತದೆ.

ಹೆಜ್ಜೆ 4: ವೇ ಬ್ರಿಡ್ಜ್‌ಗೆ ಹೋಗಿ

ಕಾಗದದ ತೂಕ ನಂಬಬೇಡಿ. ಐವತ್ತು ವರ್ಷದಲ್ಲಿ ಟಿಂಕರಿಂಗ್ ಮಾಡಿ ತಗಡಿನ ಮೇಲೆ ತಗಡು ಕೂರಿಸಿರುತ್ತಾರೆ, ದಪ್ಪ ಬಂಪರ್ ಹಾಕಿಸಿರುತ್ತಾರೆ, ಎಸಿ ಸೇರಿಸಿರುತ್ತಾರೆ. ಎಪಿಎಂಸಿ ಯಾರ್ಡಿನ ಹತ್ತಿರ, ಹೆದ್ದಾರಿ ಪಕ್ಕ ವೇ ಬ್ರಿಡ್ಜ್, ಅಂದರೆ ಗಾಡಿ ತೂಗುವ ಕಟ್ಟೆ, ಇದ್ದೇ ಇರುತ್ತದೆ. ಸಣ್ಣ ಶುಲ್ಕಕ್ಕೆ ಚೀಟಿ ಕೊಡುತ್ತಾರೆ. ಎರಡೂ ಗಾಡಿಯ ಟ್ಯಾಂಕ್ ತುಂಬಿಸಿ, ಡಿಕ್ಕಿ ಖಾಲಿ ಮಾಡಿ, ಸ್ಟೆಪ್ನಿ ಇಟ್ಟು, ಯಾರೂ ಕೂರದೆ ತೂಗಿಸಿ. ಆಮೇಲೆ ಮುಂದಿನ ಎರಡು ಚಕ್ರ ಮಾತ್ರ ಕಟ್ಟೆ ಮೇಲೆ ಬರುವಂತೆ ನಿಲ್ಲಿಸಿ ಇನ್ನೊಂದು ಸಲ ತೂಗಿಸಿ. ಮುಂದೆ ಎಷ್ಟು, ಹಿಂದೆ ಎಷ್ಟು ಅಂತ ಗೊತ್ತಾಗುತ್ತದೆ. ಇಂಥ ಕಟ್ಟೆಗಳು ಲಾರಿಗೆ ಮಾಡಿದ್ದು, 5-10 ಕೆ.ಜಿ. ಆಚೀಚೆ ಆಗುತ್ತದೆ. ಅದಕ್ಕೇ ಎರಡು ಗಾಡಿಯನ್ನೂ ಅದೇ ಕಟ್ಟೆಯಲ್ಲಿ, ಅದೇ ದಿನ ತೂಗಿಸಿ.

ಹೊಸ ತೂಕ ಬಂದ ಮೇಲೆ ಮೂರನೇ ಹೆಜ್ಜೆಯ ಲೆಕ್ಕ ಮತ್ತೆ ಹಾಕಿ.

ಹೆಜ್ಜೆ 5: ಕ್ರೌನ್ ಪಿನಿಯನ್ ಅನುಪಾತ ಕಂಡುಹಿಡಿಯಿರಿ

ಹಿಂದಿನ ಚಕ್ರ ಒಂದು ಸುತ್ತು ತಿರುಗಲು ಪ್ರೊಪೆಲ್ಲರ್ ಶಾಫ್ಟ್ (ಗೇರ್ ಪೆಟ್ಟಿಗೆಯಿಂದ ಹಿಂದಿನ ಆಕ್ಸಲ್‌ಗೆ ಹೋಗುವ ಉದ್ದದ ಸರಳು) ಎಷ್ಟು ಸುತ್ತು ತಿರುಗಬೇಕು ಅನ್ನುವುದೇ ಈ ಅನುಪಾತ. ಪುಸ್ತಕದಲ್ಲಿ ಒಂದು ಅನುಪಾತ ಇರುತ್ತದೆ, ಗಾಡಿಯಲ್ಲಿ ಇನ್ನೊಂದು. ಟ್ಯಾಕ್ಸಿ ಆಗಿದ್ದ ಗಾಡಿಗಳಲ್ಲಂತೂ ಹಿಂದಿನ ಹೌಸಿಂಗ್ (ಈ ಗೇರುಗಳಿರುವ ಪೆಟ್ಟಿಗೆ) ಎಷ್ಟು ಸಲ ಬದಲಾಗಿದೆಯೋ ಹೇಳಲಾಗದು. ಬಿಚ್ಚದೆ ತಿಳಿಯುವ ಒಂದು ಹಳೇ ಉಪಾಯ ಇದೆ. ನನಗೆ ಕಲಿಸಿದ್ದು ನಮ್ಮೂರಿನ ಒಬ್ಬ ಮೇಸ್ತ್ರಿ.

ಸಮತಟ್ಟಾದ ನೆಲದ ಮೇಲೆ ಗಾಡಿ ನಿಲ್ಲಿಸಿ. ಮುಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಗಟ್ಟಿಯಾಗಿ ಅಡ್ಡ ಕೊಡಿ. ಹಿಂದಿನ ಒಂದೇ ಚಕ್ರ ಎತ್ತಿ ಆಕ್ಸಲ್ ಕೆಳಗೆ ಸ್ಟ್ಯಾಂಡ್ ಇಡಿ. ಜಾಕಿ ಒಂದನ್ನೇ ನಂಬಿ ಗಾಡಿ ಕೆಳಗೆ ತಲೆ ಹಾಕಲೇಬೇಡಿ. ಗೇರು ನ್ಯೂಟ್ರಲ್, ಹ್ಯಾಂಡ್ ಬ್ರೇಕ್ ಬಿಡಿ. ಎತ್ತಿದ ಚಕ್ರದ ಮೇಲೆ ಒಂದು ಸೀಮೆಸುಣ್ಣದ ಗೆರೆ, ಪ್ರೊಪೆಲ್ಲರ್ ಶಾಫ್ಟ್ ಮೇಲೆ ಇನ್ನೊಂದು. ಈಗ ಗೆಳೆಯ ಚಕ್ರವನ್ನು ನಿಧಾನವಾಗಿ ಸರಿಯಾಗಿ ಎರಡು ಸುತ್ತು ತಿರುಗಿಸಲಿ. ನೀವು ಶಾಫ್ಟ್ ಎಷ್ಟು ಸುತ್ತು ತಿರುಗಿತು ಅಂತ ಎಣಿಸಿ. ನಾಲ್ಕು ಸುತ್ತು ಮುಗಿದು ಐದನೆಯದರಲ್ಲಿ ಗೆರೆ ಎಲ್ಲಿ ನಿಂತಿತು ಅಂತ ನೋಡಿ. ಆ ಸಂಖ್ಯೆಯೇ ಅನುಪಾತ. ಒಂದು ಚಕ್ರ ನೆಲದ ಮೇಲೆ ನಿಂತಿರುವುದರಿಂದ ಡಿಫರೆನ್ಷಿಯಲ್ (ಹಿಂದಿನ ಎರಡು ಚಕ್ರಕ್ಕೆ ತಿರುಗುವಿಕೆ ಹಂಚುವ ಗೇರುಗಳು) ಎತ್ತಿದ ಚಕ್ರವನ್ನು ಎರಡು ಪಟ್ಟು ತಿರುಗಿಸುತ್ತದೆ, ಅದಕ್ಕೇ ಎರಡು ಸುತ್ತು. ಮೊದಲ ಸಲ ನಾನು ಬಾಯಲ್ಲಿ ಎಣಿಸುತ್ತಾ ಲೆಕ್ಕ ತಪ್ಪಿದೆ. "ಹತ್ತು ಸಲ ಮಾಡಿ ಸಾರ್, ಇಪ್ಪತ್ತು ಸುತ್ತು ತಿರುಗಿಸಿ, ಬಂದದ್ದನ್ನ ಹತ್ತರಿಂದ ಭಾಗಿಸಿ" ಅಂದರು ಮೇಸ್ತ್ರಿ. ಅದೇ ಸರಿ. ದಶಮಾಂಶ ಚೆನ್ನಾಗಿ ಸಿಗುತ್ತದೆ.

ಜೊತೆಗೆ ಟೈರಿನ ಸುತ್ತಳತೆ ಬೇಕು. ಗಾಡಿಯಲ್ಲಿ ಜನ ಕೂತಿರುವಾಗ ಟೈರಿಗೂ ನೆಲಕ್ಕೂ ಸೇರಿಸಿ ಗೆರೆ ಹಾಕಿ, ಒಂದು ಸುತ್ತು ಉರುಳಿಸಿ, ನೆಲದ ಮೇಲಿನ ದೂರ ಅಳೆಯಿರಿ. ಎರಡೂ ಗಾಡಿಗೆ ನಾಲ್ಕನೇ ಗೇರು ನೇರ, ಅಂದರೆ ಎಂಜಿನ್ ಸುತ್ತೂ ಶಾಫ್ಟ್ ಸುತ್ತೂ ಒಂದೇ. ಉದಾಹರಣೆಗೆ ಸುತ್ತಳತೆ 1.9 ಮೀಟರ್, ಅನುಪಾತ 4.3 ಬಂತು ಅಂದುಕೊಳ್ಳಿ. 1000 ಆರ್‌ಪಿಎಂನಲ್ಲಿ ಗಾಡಿ ನಿಮಿಷಕ್ಕೆ 442 ಮೀಟರ್, ಗಂಟೆಗೆ 26.5 ಕಿ.ಮೀ. ಹೋಗುತ್ತದೆ. ಹಾಗಾದರೆ 60 ಕಿ.ಮೀ. ವೇಗದಲ್ಲಿ ಎಂಜಿನ್ 2260 ಸುತ್ತಿನಲ್ಲಿದೆ.

ಈ ಸಂಖ್ಯೆ ಯಾಕೆ ಬೇಕು ಅಂದರೆ, ಅಂಬಾಸಿಡರ್ ಎಂಜಿನ್‌ಗೆ ಪೂರ್ತಿ ಎಳೆತ ಸಿಗುವುದು 2500ರ ಆಸುಪಾಸಿನಲ್ಲಿ. ಫಿಯೆಟ್‌ಗೆ 3000 ಬೇಕು. ಏರು ಬಂದಾಗ ಟಾಪ್ ಗೇರಿನಲ್ಲೇ ಅಂಬಾಸಿಡರ್ ಹತ್ತುತ್ತದೆ, ಫಿಯೆಟ್‌ನಲ್ಲಿ ಮೂರನೇ ಗೇರಿಗೆ ಕೈ ಹೋಗುತ್ತದೆ. ಇದು ಫಿಯೆಟ್‌ನ ದೋಷ ಅಲ್ಲ. ಅದನ್ನು ಓಡಿಸುವ ರೀತಿಯೇ ಅದು. ಗೇರು ಬದಲಾಯಿಸುತ್ತಾ ಎಂಜಿನ್ ಹಾಡಿಸುತ್ತಾ ಹೋದರೆ ಅದರ ಖುಷಿ ಬೇರೆ.

ಹೆಜ್ಜೆ 6: ಎರಡೂ ಗಾಡಿಯನ್ನು ಒಂದೇ ಆರೋಗ್ಯಕ್ಕೆ ತನ್ನಿ

ಒಂದು ಗಾಡಿ ನಿನ್ನೆ ಟ್ಯೂನ್ ಆಗಿದೆ, ಇನ್ನೊಂದು ಆರು ತಿಂಗಳಿಂದ ಶೆಡ್ಡಿನಲ್ಲಿದೆ ಅಂದರೆ ಹೋಲಿಕೆಗೆ ಅರ್ಥ ಇಲ್ಲ. ಎಣ್ಣೆ, ಪ್ಲಗ್, ಪಾಯಿಂಟ್, ಟೈಮಿಂಗ್, ಟೈರಿನ ಗಾಳಿ ಎಲ್ಲ ಸರಿ ಮಾಡಿ. ಟ್ಯಾಪೆಟ್ ಗ್ಯಾಪ್ (ವಾಲ್ವ್‌ಗೂ ಅದನ್ನು ಒತ್ತುವ ರಾಕರ್‌ಗೂ ನಡುವಿನ ಸಂದು) ಆಯಾ ಗಾಡಿಯ ಮ್ಯಾನ್ಯುಯಲ್ ಪ್ರಕಾರವೇ ಇರಲಿ. ಅಂಬಾಸಿಡರ್‌ನ 1489 ಸಿಸಿ ಎಂಜಿನ್‌ಗೆ ಅದು 15 ಥೌ (ಥೌ ಅಂದರೆ ಇಂಚಿನ ಸಾವಿರದಲ್ಲೊಂದು ಭಾಗ), ಅಂದರೆ 0.38 ಮಿ.ಮೀ. ಫೈರಿಂಗ್ ಆರ್ಡರ್ (ಸಿಲಿಂಡರುಗಳಲ್ಲಿ ಕಿಡಿ ಹಾರುವ ಸರದಿ) ಎರಡಕ್ಕೂ 1-3-4-2.

ಆಮೇಲೆ ಕಂಪ್ರೆಷನ್ ನೋಡಿ. ಎಂಜಿನ್ ಬಿಸಿ ಇರಬೇಕು, ನಾಲ್ಕೂ ಪ್ಲಗ್ ತೆಗೆದಿರಬೇಕು, ಆಕ್ಸಿಲರೇಟರ್ ಪೂರ್ತಿ ಒತ್ತಿರಬೇಕು, ಬ್ಯಾಟರಿ ಗಟ್ಟಿ ಇರಬೇಕು. ನಾಲ್ಕು ಸಿಲಿಂಡರ್ ನಡುವೆ ಶೇ. 10-15ಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ಮೊದಲು ಅದನ್ನು ಸರಿಮಾಡಿಸಿ, ಆಮೇಲೆ ರಸ್ತೆಗೆ ಇಳಿಯಿರಿ. ಒಂದು ಚಮಚ ಎಂಜಿನ್ ಆಯಿಲ್ ಸಿಲಿಂಡರ್ ಒಳಗೆ ಬಿಟ್ಟು ಮತ್ತೆ ಅಳೆದಾಗ ಒತ್ತಡ ಏರಿದರೆ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್ ಕಡೆ ನೋಡಿ. ಫಿಯೆಟ್‌ನ ಹೆಡ್ ಅಲ್ಯೂಮಿನಿಯಂ, ಅಂಬಾಸಿಡರ್‌ದು ಬೀಡು ಕಬ್ಬಿಣ. ಒಮ್ಮೆ ಚೆನ್ನಾಗಿ ಬಿಸಿಯಾಗಿ ನಿಂತ ಫಿಯೆಟ್ ಹೆಡ್ ಬಾಗಿರುವ ಸಾಧ್ಯತೆ ಜಾಸ್ತಿ. ಅಂಬಾಸಿಡರ್‌ನಲ್ಲಿ ಚಿಂತೆ ಬೇರೆ. ನಮ್ಮಲ್ಲಿ 2000ದಿಂದ ಸೀಸ ಹಾಕಿದ ಪೆಟ್ರೋಲ್ ನಿಂತುಹೋಯಿತು. ಅದಕ್ಕಿಂತ ಹಿಂದಿನ ಕಬ್ಬಿಣದ ಹೆಡ್‌ನಲ್ಲಿ ಗಟ್ಟಿ ವಾಲ್ವ್ ಸೀಟು ಹಾಕಿಸಿಲ್ಲದಿದ್ದರೆ ಜೋರಾಗಿ ಓಡಿಸಿದಾಗ ಸೀಟು ಸವೆಯುತ್ತದೆ, ಟ್ಯಾಪೆಟ್ ಗ್ಯಾಪ್ ಪದೇ ಪದೇ ಕಡಿಮೆ ಆಗುತ್ತದೆ.

ಹೆಜ್ಜೆ 7: ಕೆಳಗಿನ ಭಾಗ

ಎರಡೂ ಗಾಡಿಗೆ ಹಿಂದೆ ಕಮಾನು ಪಟ್ಟಿ, ಅಂದರೆ ಲೀಫ್ ಸ್ಪ್ರಿಂಗ್. ಈ ಕಾಲದ ಎರಡಕ್ಕೂ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ವ್ಯತ್ಯಾಸ ಇರುವುದು ಮುಂದೆ. ಅಂಬಾಸಿಡರ್‌ನಲ್ಲಿ ಟಾರ್ಷನ್ ಬಾರ್. ಉದ್ದದ ಉಕ್ಕಿನ ಸರಳು ತಿರುಚಿಕೊಂಡು ಸ್ಪ್ರಿಂಗ್ ಕೆಲಸ ಮಾಡುತ್ತದೆ. ಹೊಂಡ ನುಂಗುವುದರಲ್ಲಿ ಅದಕ್ಕೆ ಹೆಸರು ಬಂದದ್ದು ಇದರಿಂದ, ಜೊತೆಗೆ ದೊಡ್ಡ 15 ಇಂಚಿನ ಚಕ್ರದಿಂದ. ಪದ್ಮಿನಿಯಲ್ಲಿ ವಿಷ್‌ಬೋನ್ (ಕವೆಯಾಕಾರದ ತೋಳು) ಮತ್ತು ಕಾಯಿಲ್ ಸ್ಪ್ರಿಂಗ್. ತಿರುವಿನಲ್ಲಿ ಕಡಿಮೆ ವಾಲುತ್ತದೆ.

ಸ್ಟೀರಿಂಗ್‌ನಲ್ಲಿ ತುಂಬಾ ಜನ ಉಲ್ಟಾ ಊಹಿಸುತ್ತಾರೆ. ಭಾರದ ಅಂಬಾಸಿಡರ್‌ನಲ್ಲಿ ಇರುವುದೇ ರ್‍ಯಾಕ್ ಅಂಡ್ ಪಿನಿಯನ್. ಹಗುರ ಫಿಯೆಟ್‌ನಲ್ಲಿ ವರ್ಮ್ ಗೇರ್ ಪೆಟ್ಟಿಗೆ. ಚಕ್ರ ಅಲುಗದಂತೆ ಸ್ಟೀರಿಂಗನ್ನು ಎಡಕ್ಕೂ ಬಲಕ್ಕೂ ಎಷ್ಟು ಆಡಿಸಬಹುದು ಅಂತ ಅಂಚಿನಲ್ಲಿ ಟೇಪು ಹಿಡಿದು ಅಳೆಯಿರಿ. ಪೆಟ್ಟಿಗೆ ಸವೆದ ಫಿಯೆಟ್‌ನಲ್ಲಿ ಈ ಆಟ ಜಾಸ್ತಿ ಇರುತ್ತದೆ. ಹೊಂದಿಸಿದ ಮೇಲೆ ಮಾತ್ರ ಇನ್ನೊಂದರ ಜೊತೆ ಹೋಲಿಸಿ.

ತಿರುಗುವ ಜಾಗ ಅಳೆಯಲು ಮೈದಾನ ಸಾಕು. ಮುಂದಿನ ಹೊರಗಡೆಯ ಟೈರು ಒದ್ದೆ ಮಾಡಿ, ಸ್ಟೀರಿಂಗ್ ಪೂರ್ತಿ ತಿರುಗಿಸಿ, ನಡೆಯುವಷ್ಟು ನಿಧಾನಕ್ಕೆ ಒಂದು ಸುತ್ತು ಹೊಡೆಯಿರಿ. ಒದ್ದೆ ಗೆರೆಯ ಅಡ್ಡಳತೆ ತೆಗೆದುಕೊಳ್ಳಿ.

ಹೆಜ್ಜೆ 8: ರಸ್ತೆಗೆ ಇಳಿಯಿರಿ

ಮೊದಲ ಕೆಲಸ ಸ್ಪೀಡೊಮೀಟರ್ ಪರೀಕ್ಷೆ. ಗಾಡಿಯ ಮುಳ್ಳು 40, 50, 60 ತೋರಿಸುವಾಗ ಫೋನಿನ ಜಿಪಿಎಸ್ ಎಷ್ಟು ತೋರಿಸುತ್ತದೆ ಅಂತ ಪಕ್ಕದಲ್ಲಿ ಕೂತವರು ಬರೆದುಕೊಳ್ಳಲಿ. ಹಳೇ ಮುಳ್ಳು ಹಲವು ಕಿ.ಮೀ. ಜಾಸ್ತಿ ತೋರಿಸುವುದು ಮಾಮೂಲು. ಆ ಮುಳ್ಳು ನೋಡಿ "ನನ್ನ ಗಾಡಿ 110 ಹೋಯಿತು" ಅನ್ನುವ ಮಾತು ಲೆಕ್ಕಕ್ಕೆ ಬೇಡ. ಟಾಪ್ ಸ್ಪೀಡ್ ಪರೀಕ್ಷೆಯನ್ನಂತೂ ಮಾಡಲೇಬೇಡಿ. ಪದ್ಮಿನಿಗೆ ಸುಮಾರು 125 ಕಿ.ಮೀ. ಅಂತ ಬರೆಯುವುದುಂಟು. ಅದು ಹೊಸ ಗಾಡಿಯ ಮಾತು. ಐವತ್ತು ವರ್ಷದ ರಬ್ಬರು, ಡ್ರಮ್ ಬ್ರೇಕು, ಬೆಲ್ಟಿಲ್ಲದ ಸೀಟು ಇಟ್ಟುಕೊಂಡು ಅದನ್ನು ಸಾಬೀತು ಮಾಡುವ ಅಗತ್ಯ ಯಾರಿಗೂ ಇಲ್ಲ.

ಪಿಕಪ್ ನೋಡಲು ಟಾಪ್ ಗೇರಿನಲ್ಲಿ 40ರಿಂದ 60ಕ್ಕೆ ಎಷ್ಟು ಸೆಕೆಂಡು ಅಂತ ನೋಡುವುದೇ ಒಳ್ಳೇದು. ನಿಂತಲ್ಲಿಂದ ಹೊರಡುವ ಪರೀಕ್ಷೆಯಲ್ಲಿ ಕ್ಲಚ್ ಸುಟ್ಟು ಹಾಳು, ಓಡಿಸುವವರ ಕೈಚಳಕವೂ ಸೇರಿಕೊಳ್ಳುತ್ತದೆ. ಗೆಳೆಯ ಜಿಪಿಎಸ್ ಪರದೆಯ ವಿಡಿಯೊ ಮಾಡಲಿ, ಸೆಕೆಂಡನ್ನು ಆಮೇಲೆ ಮನೆಯಲ್ಲಿ ಎಣಿಸಿ. ಖಾಲಿ, ಸಮತಟ್ಟಾದ ನೇರ ರಸ್ತೆ, ಬೆಳಗಿನ ಹೊತ್ತು, ಅದೇ ಚಾಲಕರು. ಆ ಕಡೆಗೆ ಮೂರು ಸಲ, ಈ ಕಡೆಗೆ ಮೂರು ಸಲ ಮಾಡಿ ಸರಾಸರಿ ತೆಗೆಯಿರಿ. ಕಣ್ಣಿಗೆ ಕಾಣದ ಇಳಿಜಾರು, ಗಾಳಿ ಎಲ್ಲ ಆಗ ಅಳಿಸಿಹೋಗುತ್ತದೆ.

ಬಂದ ಸೆಕೆಂಡಿನಿಂದ ಚಕ್ರಕ್ಕೆ ಸಿಕ್ಕ ಶಕ್ತಿಯನ್ನೂ ಅಂದಾಜು ಮಾಡಬಹುದು. ಜನ ಸೇರಿ ಗಾಡಿಯ ತೂಕ 1250 ಕೆ.ಜಿ., ಸಮಯ 7 ಸೆಕೆಂಡು ಅಂದುಕೊಳ್ಳಿ. 40 ಕಿ.ಮೀ. ಅಂದರೆ ಸೆಕೆಂಡಿಗೆ 11.11 ಮೀಟರ್, 60 ಅಂದರೆ 16.67. ಎರಡರ ವರ್ಗದ ವ್ಯತ್ಯಾಸ 154.3. ಅದನ್ನು 1250ರ ಅರ್ಧದಿಂದ ಗುಣಿಸಿ, 7ರಿಂದ ಭಾಗಿಸಿ. ಸುಮಾರು 13.8 ಕಿಲೋವ್ಯಾಟ್, 18.5 ಕುದುರೆಶಕ್ತಿ. ಗಾಳಿ ತಳ್ಳಲು, ಟೈರು ಉರುಳಿಸಲು ಹೋದದ್ದು ಇದರಲ್ಲಿ ಸೇರಿಲ್ಲ. ಎಂಜಿನ್ ಪೂರ್ತಿ ಶಕ್ತಿ ಕೊಡುವ ಸುತ್ತಿನ ಅರ್ಧದ ಆಸುಪಾಸಿನಲ್ಲೇ ಇತ್ತು ಅನ್ನುವುದೂ ನೆನಪಿರಲಿ. 50 ಅಂತ ಬರೆದದ್ದು ಎಲ್ಲಿ ಹೋಯಿತು ಅಂತ ಗಾಬರಿ ಬೇಡ.

ಬ್ರೇಕ್‌ಗೆ 40 ಕಿ.ಮೀ.ಯಿಂದ ನಿಲ್ಲುವ ದೂರ ಸಾಕು. ಹಿಂದೆ ಯಾರೂ ಬರದ ಕಡೆ ಮಾಡಿ. ವೇಗವನ್ನು ಸೆಕೆಂಡಿಗೆ ಮೀಟರಿಗೆ ತಂದು (ಇಲ್ಲಿ 11.11), ಅದರ ವರ್ಗವನ್ನು ದೂರದ ಎರಡರಷ್ಟರಿಂದ ಭಾಗಿಸಿ. 12 ಮೀಟರಿನಲ್ಲಿ ನಿಂತರೆ 123.5 ÷ 24 = 5.1. ಈ ಸಂಖ್ಯೆ ದೊಡ್ಡದಿದ್ದಷ್ಟು ಬ್ರೇಕು ಚೆನ್ನ. ಐದು ಸಲ ಬೆನ್ನುಬೆನ್ನಿಗೆ ಮಾಡಿ, ಐದನೆಯದು ಮೊದಲನೆಯದಕ್ಕಿಂತ ಎಷ್ಟು ಹಿಂದೆ ಬಿತ್ತು ನೋಡಿ. ಡ್ರಮ್ ಬಿಸಿಯಾದಾಗ ಹಿಡಿತ ಇಳಿಯುತ್ತದೆ. ಘಟ್ಟ ಇಳಿಯುವವರಿಗೆ ಮೊದಲ ಸಂಖ್ಯೆಗಿಂತ ಐದನೆಯದೇ ಮುಖ್ಯ. ಚಾರ್ಮಾಡಿ, ಆಗುಂಬೆ ಇಳಿಯುವಾಗ ಯಾವ ಗೇರಿನಲ್ಲಿ ಹತ್ತಿದಿರೋ ಅದೇ ಗೇರಿನಲ್ಲಿ ಇಳಿಯಿರಿ ಅಂತ ಹಿರಿಯ ಡ್ರೈವರುಗಳು ಹೇಳುವುದು ಇದಕ್ಕೇ.

ಮೈಲೇಜಿಗೆ ಫುಲ್ ಟು ಫುಲ್ ಲೆಕ್ಕ. ಒಂದೇ ಬಂಕು, ಒಂದೇ ಪಂಪು, ಗಾಡಿ ನಿಲ್ಲಿಸುವ ಜಾಗವೂ ಒಂದೇ. ಕಡಿಮೆ ಅಂದರೂ 150 ಕಿ.ಮೀ. ಓಡಿಸಿ. ಎರಡೂ ಗಾಡಿ ಒಂದರ ಹಿಂದೆ ಒಂದು ಹೋಗಲಿ, ಅರ್ಧ ದಾರಿಯಲ್ಲಿ ಚಾಲಕರು ಗಾಡಿ ಬದಲಾಯಿಸಿಕೊಳ್ಳಲಿ. 80ರ ದಶಕದ ಮೈಲೇಜ್ ಈಗ ಬರಲಿಲ್ಲ ಅಂತ ಗಾಡಿಯನ್ನು ಬೈಯಬೇಡಿ. ಈಗ ಬಂಕಿನಲ್ಲಿ ಸಿಗುವ ಇ20 ಪೆಟ್ರೋಲಿನಲ್ಲಿ ಶೇ. 20 ಎಥೆನಾಲ್. ಲೀಟರ್ ಲೆಕ್ಕದಲ್ಲಿ ಎಥೆನಾಲಿನ ಶಕ್ತಿ ಪೆಟ್ರೋಲಿನ ಮೂರನೇ ಎರಡು ಭಾಗ ಮಾತ್ರ. ಹಳೇ ರಬ್ಬರ್ ಪೈಪು, ಪಂಪಿನ ಡಯಾಫ್ರಂ ಕೂಡ ಇದರಿಂದ ಮೆತ್ತಗಾಗುತ್ತವೆ. ಪರೀಕ್ಷೆಗೆ ಹೊರಡುವ ಮೊದಲು ಪೈಪುಗಳನ್ನು ಬೆರಳಲ್ಲಿ ಹಿಚುಕಿ ನೋಡಿ. ಅಂಟು ಅಂಟಾಗಿದ್ದರೆ, ಬಿರುಕು ಬಿಟ್ಟಿದ್ದರೆ ಎಥೆನಾಲ್ ತಡೆಯುವ ಪೈಪು ಹಾಕಿಸಿ.

ಹೆಜ್ಜೆ 9: ಸಾಕುವ ಲೆಕ್ಕ

ಬಿಡಿಭಾಗದ ಒಂದು ಪಟ್ಟಿ ಮಾಡಿ. ವಾಟರ್ ಪಂಪ್, ಕ್ಲಚ್ ಪ್ಲೇಟ್, ಬ್ರೇಕ್ ಸಿಲಿಂಡರ್ ಕಿಟ್, ಬಾಗಿಲಿನ ರಬ್ಬರ್, ವೈಪರ್ ಮೋಟರ್, ಮುಂದಿನ ಗಾಜು. ಈ ಆರಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಬೆಲೆ ಕೇಳಿ, ಸಿಗದ್ದಕ್ಕೆ ಶಿವಾಜಿನಗರದ ಗುಜರಿ ಕಡೆ ಒಂದು ಸುತ್ತು ಹಾಕಿ. ಬೆಲೆ ಬರೆಯುವುದರ ಜೊತೆಗೆ ಎಷ್ಟು ದಿನದಲ್ಲಿ ಸಿಗುತ್ತದೆ ಅಂತಲೂ ಬರೆಯಿರಿ. ಅಂಬಾಸಿಡರ್ 2014ರವರೆಗೂ ತಯಾರಾಗಿದೆ, ಪದ್ಮಿನಿ 2000ದ ಹೊತ್ತಿಗೇ ನಿಂತಿತು. ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿ ರಸ್ತೆಯಿಂದ ಇಳಿದದ್ದು 2023ರ ಅಕ್ಟೋಬರ್‌ನಲ್ಲಿ.

ತುಕ್ಕು ನೋಡುವಾಗ ಬಾಗಿಲ ಕೆಳಗಿನ ಅಂಚು, ಡಿಕ್ಕಿಯ ತಳ, ಬ್ಯಾಟರಿ ತಟ್ಟೆಯ ಕೆಳಗೆ, ಜಾಕಿ ಕೊಡುವ ಜಾಗ ಇಷ್ಟಕ್ಕೂ ಅಯಸ್ಕಾಂತ ಹಿಡಿಯಿರಿ. ಅಂಟದ ಕಡೆ ಒಳಗಿರುವುದು ತಗಡಲ್ಲ, ಪುಟ್ಟಿ.

ಗಾಡಿ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ್ದರೆ, ಮೂಲ ರೂಪದಲ್ಲೇ ಇದ್ದರೆ, 2021ರ ಕೇಂದ್ರ ನಿಯಮದ ಪ್ರಕಾರ ವಿಂಟೇಜ್ ಅಂತ ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ನಂತರ ಮರುನೋಂದಣಿಗೆ 5,000. ಪ್ಲೇಟಿನಲ್ಲಿ ರಾಜ್ಯದ ಅಕ್ಷರದ ನಂತರ ವಿಎ ಅಂತ ಬರುತ್ತದೆ. ಆದರೆ ಆಮೇಲೆ ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ, ಪ್ರದರ್ಶನ, ರ್‍ಯಾಲಿ, ರಿಪೇರಿ ಇಂಥದ್ದಕ್ಕೆ ಮಾತ್ರ. ಮೂಲ ಎಂಜಿನ್ ಇಲ್ಲದ ಗಾಡಿಗೆ ಇಲ್ಲಿ ತೊಡಕಾಗುತ್ತದೆ. ಮೊದಲ ಹೆಜ್ಜೆಯಲ್ಲಿ ಎಂಜಿನ್ ನಂಬರ್ ಒರೆಸಿ ನೋಡಿ ಅಂದದ್ದು ಇದಕ್ಕೂ ಸೇರಿಸಿ. ಮೂಲ ಗಾಡಿ ಹೇಗಿರುತ್ತದೆ ಅಂತ ಕಣ್ಣು ಪಳಗಲು ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯ, ಶ್ರೀರಂಗಪಟ್ಟಣದ ಹತ್ತಿರದ ಪಯಣ ಸಂಗ್ರಹಾಲಯ ಎರಡೂ ಒಳ್ಳೇ ಜಾಗ.

ಹೆಜ್ಜೆ 10: ನಿಮ್ಮ ಬಳಕೆಗೆ ಅಂಕ ಕೊಡಿ

ಈಗ ನೋಟ್‌ಬುಕ್ಕಿನಲ್ಲಿ ಸಂಖ್ಯೆಗಳು ತುಂಬಿವೆ. ಮೇಲೆ ನಿಮ್ಮ ಬಳಕೆಯನ್ನು ಒಂದು ಸಾಲಿನಲ್ಲಿ ಬರೆಯಿರಿ. "ಭಾನುವಾರ ಇಬ್ಬರು, ಊರೊಳಗೆ" ಅಥವಾ "ಹಬ್ಬಕ್ಕೆ ಐದು ಜನ, ಘಟ್ಟದ ದಾರಿ". ಆ ಸಾಲಿಗೆ ಸಂಬಂಧಪಟ್ಟ ನಾಲ್ಕೈದು ಸಂಖ್ಯೆ ಮಾತ್ರ ಉಳಿಸಿಕೊಂಡು ಬೇರೆಯದಕ್ಕೆ ಗೆರೆ ಎಳೆಯಿರಿ. ನನ್ನ ತೀರ್ಮಾನ ಕೇಳಿದರೆ, ಬಸವನಗುಡಿಯ ಓಣಿಗೆ, ಇಬ್ಬರ ಸುತ್ತಾಟಕ್ಕೆ ನಾನು ಪದ್ಮಿನಿಯನ್ನೇ ತೆಗೆಯುತ್ತೇನೆ. ಐದು ಜನರನ್ನು ಕೂರಿಸಿಕೊಂಡು ಆಗುಂಬೆಯ ಹದಿನಾಲ್ಕು ತಿರುವು ಹತ್ತಬೇಕು ಅಂದರೆ ಕೀಲಿಕೈ ಅಂಬಾಸಿಡರ್‌ದೇ.

ಪುಟದ ಮೇಲೆ ತಾರೀಖು, ಓಡಿದ ಕಿ.ಮೀ., ಟೈರಿನ ಗಾಳಿ, ಆ ದಿನದ ಬಿಸಿಲು, ಯಾರು ಓಡಿಸಿದ್ದು, ಯಾವ ಬಂಕಿನ ಪೆಟ್ರೋಲ್ ಇಷ್ಟನ್ನೂ ಬರೆದಿಡಿ. ಮುಂದಿನ ವರ್ಷ ಕಾರ್ಬುರೇಟರ್ ಬಿಚ್ಚಿಸಿದ ಮೇಲೆ ಅದೇ ರಸ್ತೆಯಲ್ಲಿ ಅದೇ 40ರಿಂದ 60 ಮತ್ತೊಮ್ಮೆ ಮಾಡಿ. ಹಳೇ ಪುಟದ ಪಕ್ಕದ ಖಾಲಿ ಪುಟ ಅದಕ್ಕೆ ಅಂತ ಬಿಟ್ಟಿರಿ.